ಗ್ರಾಮೋಫೋನಿನ ಹುಡುಗಿ

ಭಾಲ್ಕಿಯ ಸುಮಿತ್ರಾಬಾಯಿಗೆ ಯಾವುದರ ಮೇಲೂ ಸುಮ್ಮಸುಮ್ಮನೆ ನಂಬಿಕೆ ಬರುತ್ತಿರಲಿಲ್ಲ. ಹಾಲಿನವಳು ಬಂದರೆ ತಂಬಿಗೆಯಲ್ಲಿ ಬೆರಳು ಅದ್ದಿ ನೋಡುವಳು, ಬಳೆಗಾರ ಬಂದರೆ ಬಳೆಯನ್ನು ಬಿಸಿಲಿಗೆ ಹಿಡಿಯುವಳು. ಊರೂರು ತಿರುಗುವ ಜಂಗಮರು ಮನೆಗೆ ಬಂದರೆ ಪಾದಕ್ಕೆ ನೀರು ಹಾಕುತ್ತಲೇ ಹಿಮ್ಮಡಿ ನೋಡುವಳು. ನಡೆದು ಬಂದವರ ಹಿಮ್ಮಡಿ ಒಡೆದಿರಬೇಕು, ಇಲ್ಲದಿದ್ದರೆ ಏನೋ ಮೋಸ ಇದೆ ಎಂಬುದು ಅವಳ ಲೆಕ್ಕ. ಗಂಡ ಶಿವರಾಜಪ್ಪ ತೊಗರಿ, ಜೋಳದ ವ್ಯಾಪಾರಿ. ಅವನೂ ದೊಡ್ಡ ಖರೀದಿಗೆ ಮುಂಚೆ ಒಂದು ಹಿಡಿ ಕಾಳು ಒಳಗೆ ಕಳಿಸಿ, ಅವಳು ಮೂಸಿ ನೋಡಿ ಹೂಂ ಅಂದ ಮೇಲೆಯೇ ಮಾತು ಮುಗಿಸುತ್ತಿದ್ದ. ಅವಳು ತಪ್ಪುತ್ತಲೂ ಇರಲಿಲ್ಲ. ಹಾಗಾಗಿ ಸುಮಿತ್ರಾಬಾಯಿ ಅಲ್ಲ ಅಂದಳೆಂದರೆ ಊರಿಗೂ ಅಲ್ಲವೇ ಆಗಿಬಿಡುತ್ತಿತ್ತು.

ಇಂಥವಳು ಪರೀಕ್ಷೆ ಮಾಡದೆ ನಂಬಿದ್ದು ಒಂದೇ ಒಂದು ದನಿಯನ್ನು. ಅದು ಇದ್ದದ್ದು ಗ್ರಾಮೋಫೋನಿನ ತಟ್ಟೆಯಲ್ಲಿ.

ನಿಜಾಮರ ಕಾಲ ಅದು. ಬೀದರಿಗೆ ಇನ್ನೂ ರೈಲು ಬಂದಿರಲಿಲ್ಲ. ಭಾಲ್ಕಿಗೆಲ್ಲ ಆ ಪೆಟ್ಟಿಗೆ ಒಂದೇ. ಶಿವರಾಜಪ್ಪ ಹೈದರಾಬಾದಿನಿಂದ ಕೌದಿಯಲ್ಲಿ ಸುತ್ತಿ ಕೂಸಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ತಂದಿದ್ದ. ಅರ್ಧ ಚಾವಿಯಲ್ಲಿ ಹಾಡಿಸಿದರೆ ಯಂತ್ರ ಕೆಡುತ್ತದೆ ಎಂದು ಅವನ ನಂಬಿಕೆ, ಆದ್ದರಿಂದ ಪ್ರತಿ ಹಾಡಿಗೂ ಕೈ ತಡೆಯುವ ತನಕ ಚಾವಿ ತಿರುವಿಸುತ್ತಿದ್ದ. ತಟ್ಟೆ ತಿರುಗುವ ಜಾಗದ ಪಕ್ಕಕ್ಕೆ ಒಂದು ಸಣ್ಣ ತಿರುಪು ಇತ್ತು, ಅದರ ಎರಡು ಬದಿಗೂ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಓದಬಲ್ಲವರು ಮನೆಯಲ್ಲಿರಲಿಲ್ಲ. ಕಂದೀಲಿನ ತಿರುಪು ತಿರುವಿದರೆ ಬತ್ತಿ ಏರಿ ಬೆಳಕು ಹೆಚ್ಚಾಗುತ್ತದಲ್ಲ, ಹಾಗೆಯೇ ಇದನ್ನು ತಿರುವಿದರೆ ದನಿ ಹೆಚ್ಚಾಗಬೇಕು ಎಂದುಕೊಂಡು ತಂದ ದಿನವೇ ಅದನ್ನು ಕೊನೆಮುಟ್ಟ ತಿರುವಿಟ್ಟ. ದನಿ ಚುರುಕಾಗಿ, ಮೇಲೆದ್ದು ಬಂತು. ನೋಡ್ರಿ, ನಾ ಹೇಳ್ಲಿಲ್ಲೇನು, ಎಂದು ಎಲ್ಲರ ಮುಖ ನೋಡಿದ. ಅಂದಿನಿಂದ ಆ ತಿರುಪನ್ನು ಯಾರೂ ಮುಟ್ಟಿರಲಿಲ್ಲ.

ತಂದ ತಟ್ಟೆಗಳಲ್ಲಿ ಒಂದು ಬಸಂತದ ಹಾಡು. ಊರಿಗೆ ಹೋದ ನಲ್ಲನ ದಾರಿ ಕಾಯುವವಳೊಬ್ಬಳು ಮಾಮರದ ಕೋಗಿಲೆಯನ್ನು ಬಯ್ಯುತ್ತಾಳೆ. ಹಾಡು ಮುಗಿದ ಮೇಲೆ, ತಟ್ಟೆ ಖರ್ ಖರ್ ಎನ್ನುತ್ತಿರುವಾಗ, ಅದೇ ದನಿ ಓಡೋಡಿ ಬಂದವಳ ಹಾಗೆ ತನ್ನ ಹೆಸರು ಹೇಳುತ್ತದೆ: ಹೈದರಾಬಾದಿನ ಅಕ್ತರಬೀ. ಸುಮಿತ್ರಾಬಾಯಿಗೆ ಇಬ್ಬರು ಗಂಡುಮಕ್ಕಳು, ಹೆಣ್ಣು ಇಲ್ಲ. ಆ ತೆಳ್ಳನೆಯ, ಎಳೆಯ ದನಿ ಕೇಳಿದಾಗಲೆಲ್ಲ ಅವಳ ಕಣ್ಣ ಮುಂದೆ ಹದಿನಾರರ ಹುಡುಗಿಯೊಬ್ಬಳು ನಿಲ್ಲುವಳು. ಸಣ್ಣ ಮಣಿಕಟ್ಟು, ಎಣ್ಣೆ ಕಾಣದ ಕೂದಲು, ಬಯ್ಯುವಾಗಲೂ ನಗು ತಡೆಯಲಾಗದ ಬಾಯಿ. ಮಧ್ಯಾಹ್ನ ಮನೆ ಖಾಲಿಯಾದಾಗ ಆ ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು ಮನಸ್ಸಿನಲ್ಲೇ ಅವಳಿಗೆ ಜಡೆ ಹಾಕುವಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಗಂಡ ನಗುತ್ತಿದ್ದ, ಮತ್ತು ನಗುವಂಥದ್ದೇ ಇತ್ತು.

ಆ ವರ್ಷ ಶಿವರಾತ್ರಿ ಮುಗಿದು ಮುತ್ತುಗದ ಗಿಡಗಳೆಲ್ಲ ಕೆಂಪಾಗುವ ಹೊತ್ತಿಗೆ ಭಾಲ್ಕಿ, ಔರಾದ, ಬೀದರ ಮೂರೂ ಊರಿಗೆ ಸಂಗೀತದ ಹುಚ್ಚು ಹಿಡಿಯಿತು. ಬೀದರಿನಲ್ಲಿ ಚೌಬಾರಾದ ಹತ್ತಿರ ಹವೇಲಿ ಇದ್ದ ಮಹಮ್ಮದ ಇಸ್ಮಾಯಿಲ ಸಾಹೇಬರು ಬಸಂತದ ಮೈಫಿಲಿಗೆ ಅಕ್ತರಬೀಯನ್ನು ಕರೆಸಿದ್ದರು. ಅಷ್ಟು ದೂರ ಬರುವವಳನ್ನು ಸುತ್ತಿನ ಊರಿನವರು ಬಿಟ್ಟಾರೆಯೇ? ಮೊದಲು ಭಾಲ್ಕಿಯಲ್ಲಿ ಶಿವರಾಜಪ್ಪನ ವಾಡೆಯಲ್ಲಿ ಬೈಠಕ್ಕು, ಆಮೇಲೆ ಔರಾದಿನಲ್ಲಿ, ಕಡೆಗೆ ಬೀದರಿನಲ್ಲಿ ಎಂದು ಗೊತ್ತಾಯಿತು. ಔರಾದಿನವರು ಮರಾಠಿ ಸೀಮೆಯಿಂದ ನಾಟಕದ ಹಾಡುಗಾರನೊಬ್ಬನನ್ನೂ ಕರೆಸಿದರು. ಅವನು ಹಾರ್ಮೋನಿಯಂ ಬಾರಿಸಿಕೊಂಡು ಹೊಸ ಚಾಲಿಯ ಹಾಡು ಹೇಳುತ್ತಾನಂತೆ. ಸಂತೆಯ ದಿನ ಹಲಗೆ ಬಾರಿಸಿ ಡಂಗುರ ಹೊಡೆದರು: "ಹಳೇ ಗಾನಾ ಭಾಲ್ಕಿದಾಗ, ಹೊಸಾ ಗಾನಾ ಔರಾದದಾಗ, ಎರಡೂ ಕೂಡಿ ಬೀದರದಾಗ! ಕೇಳ್ರಪ್ಪೋ ಕೇಳ್ರಿ!"

ಸುಮಿತ್ರಾಬಾಯಿ ಹುಡುಗಿಗೆಂದು ಹಳದಿ ಕುಪ್ಪಸದ ಖಣ ತರಿಸಿ ಸಂದೂಕಿನಲ್ಲಿ ಇಟ್ಟಳು. ಸಣ್ಣ ಮೈಗೆ ಆಗುವಷ್ಟು.

ದಮಣಿ ಬಂದು ಬಾಗಿಲಿಗೆ ನಿಂತಾಗ ಅದರಿಂದ ಇಳಿದವಳು ಐವತ್ತರ ಹತ್ತಿರದ ದಪ್ಪ ಹೆಂಗಸು. ಮೊಣಕಾಲು ಹಿಡಿದುಕೊಂಡು ಇಳಿದಳು, ಎಲೆಯಡಿಕೆ ಉಗುಳಿದಳು, ಗೊಗ್ಗರು ದನಿಯಲ್ಲಿ "ಯಾ ಅಲ್ಲಾ" ಅಂದಳು. ಹಿಂದೆ ಸಾರಂಗಿಯ ಗವಸು ಹೊತ್ತುಕೊಂಡು ಅವಳ ಜತೆ ಬಾರಿಸುವ ಬಿಳಿಗಡ್ಡದ ಸುಭಾನ ಇಳಿದ. ಸುಮಿತ್ರಾಬಾಯಿ ಅಡುಗೆಮನೆಯ ಬಾಗಿಲ ಸಂದಿಯಿಂದ ಇನ್ನೂ ದಮಣಿಯನ್ನೇ ನೋಡುತ್ತಿದ್ದಳು. ಹುಡುಗಿ ಈಗ ಇಳಿಯುತ್ತಾಳೆ, ಇವಳು ತಾಯಿ ಇರಬೇಕು ಎಂದು. ಬಂಡಿಯವನು ಎತ್ತು ಬಿಚ್ಚಿದ. ದಮಣಿಯಲ್ಲಿ ಮತ್ತೆ ಯಾರೂ ಇರಲಿಲ್ಲ.

"ಅಕ್ತರಬೀ ಎಲ್ಲಿ?" ಎಂದು ಗಂಡನನ್ನು ಒಳಗೆ ಕರೆದು ಕೇಳಿದಳು.

"ಅಕಿನೇ ಅಲ್ಲೇನು? ಕಣ್ಣಿಲ್ಲೇನು ನಿನಗ?"

"ಕಣ್ಣ ಅವ. ಕಿವಿನೂ ಅವ. ಅದಕ್ಕೇ ಕೇಳ್ತೇನಿ."

ಶಿವರಾಜಪ್ಪ ನಕ್ಕು ಹೋದ, ಆದರೆ ನಗು ಪೂರ್ತಿ ಆಗಲಿಲ್ಲ. ಅವನಿಗೂ ತಟ್ಟೆಯ ದನಿ ಬಾಯಿಪಾಠ.

ಅನುಮಾನ ಒಮ್ಮೆ ಹುಟ್ಟಿದ ಮೇಲೆ ಅದಕ್ಕೆ ಮೇವಿಗೆ ಕಡಿಮೆಯೇ? ಬಂದವಳು ಊಟಕ್ಕೆ ಕೂತು ಮಾವಿನ ಉಪ್ಪಿನಕಾಯಿ ಇನ್ನೊಮ್ಮೆ ಕೇಳಿ ಹಾಕಿಸಿಕೊಂಡಳು. ಹಾಡುವವರು ಹುಳಿ ಮುಟ್ಟುತ್ತಾರೆಯೇ? ರೊಟ್ಟಿ ಮುರಿಯುತ್ತ ಅಚ್ಚ ಬೀದರ ಕನ್ನಡದಲ್ಲಿ ಮಾತಾಡಿದಳು. ತನ್ನ ತಾಯಿ ಬೀದರಿನವಳೇ, ಸಣ್ಣಾಕಿ ಇದ್ದಾಗ ಇಲ್ಲೇ ಬೆಳೆದೆ ಎಂದಳು. ಹೈದರಾಬಾದಿನ ಇಷ್ಟು ದೊಡ್ಡ ಗಾಯಕಿಗೆ ನಮ್ಮ ಮಾತು ಹ್ಯಾಗೆ ಬರುತ್ತದೆ? ಸುಮಿತ್ರಾಬಾಯಿ ಬಡಿಸುತ್ತಲೇ ಎಲ್ಲವನ್ನೂ ಒಂದೊಂದಾಗಿ ಕೂಡಿಸಿಟ್ಟುಕೊಂಡಳು. ಆ ಹೆಂಗಸು ತಲೆಯೆತ್ತಿ, "ಅವ್ವಾ, ನಿಮ್ಮ ಕೈದು ಊಟ ಛೊಲೋ ಅದ. ಆದ್ರ ನೀವು ನನ್ನ ಊಟ ನೋಡವಲ್ರಿ, ಗಂಟಲಾ ನೋಡ್ಲಿಕತ್ತೀರಿ," ಎಂದಳು. ಸುಮಿತ್ರಾಬಾಯಿ ಪಲ್ಲೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಡೆಯ ಅಂಗಳ ತುಂಬಿತ್ತು. ಗಂಡಸರು ಜಮಖಾನೆಯ ಮೇಲೆ, ಹೆಂಗಸರು ಪಡಸಾಲೆಯಲ್ಲಿ ಪರದೆಯ ಹಿಂದೆ. ಭಾಲ್ಕಿಯವರಿಗೆ ಅಕ್ತರಬೀ ಎಂದರೆ ಮೂರು ನಿಮಿಷದ ಒಂದು ಹಾಡು, ಸೂಜಿ ಇಟ್ಟ ಕೂಡಲೇ ಶುರು, ಖರ್ ಖರ್ ಅಂತ ಮುಕ್ತಾಯ. ಎದುರಿಗೆ ಕೂತ ಹೆಂಗಸು ಹಾಗೆ ಹಾಡಲೇ ಇಲ್ಲ. ಕಣ್ಣು ಮುಚ್ಚಿ ಸ್ವರ ಹಿಡಿದು ಕೂತಳು. ಅದನ್ನೇ ಸುತ್ತಿದಳು, ಅಲ್ಲೇ ನಿಂತಳು, ಮತ್ತೆ ಸುತ್ತಿದಳು. ಹಾಡಿನ ಮಾತು ಬರಲು ಎಷ್ಟು ಹೊತ್ತಾಯಿತೆಂದರೆ ಮುಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಹಾಡು ಬರದವಳು ಹೊತ್ತು ಕಳೆಯುತ್ತಿದ್ದಾಳೆ ಎಂದೇ ಎಲ್ಲರಿಗೂ ಅನ್ನಿಸಿದ್ದು. ಕಡೆಗೊಮ್ಮೆ ಮಾತು ಬಂತು, ಕೋಗಿಲೆಯೂ ಬಂತು. ಆದರೆ ದನಿ ಭಾರ. ಮೇಲಿನ ಸ್ವರಕ್ಕೆ ಏರುವಾಗ ಗಂಟಲು ಒರಟಾಗಿ ಉಜ್ಜುತ್ತಿತ್ತು.

ಪಕ್ಕದಲ್ಲಿ ಕೂತ ನೆರೆಮನೆಯ ಗುಂಡಮ್ಮ ಬಾಗಿ ಕೇಳಿದಳು. "ಅಕಿನೇ ಏನ್ರಿ ಇಕಿ? ನೀವು ದಿನಾ ಕೇಳೋರು, ಹೇಳ್ರಿ."

ಸುಮಿತ್ರಾಬಾಯಿ ತಟ್ಟನೆ ಹೇಳಲಿಲ್ಲ. ಕಿವಿಗೊಟ್ಟು ಇನ್ನೊಂದು ಸಾಲು ಕೇಳಿದಳು. ತನ್ನ ಹುಡುಗಿಯನ್ನು ಎಲ್ಲೋ ಅಡಗಿಸಿಟ್ಟು ಆ ಹೆಸರಲ್ಲಿ ಈ ಮುದುಕಿ ಬಂದು ಕೂತಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು.

"ಅಲ್ಲ," ಎಂದಳು.

ಆ ಒಂದು ಮಾತು ಗುಂಡಮ್ಮನಿಂದ ಹಿಂದಿನವಳಿಗೆ, ಅವಳಿಂದ ಪರದೆಯ ಅಂಚಿಗೆ, ಅಲ್ಲಿಂದ ಅಂಗಳಕ್ಕೆ ದಾಟಿತು. ಹಾಡು ಮುಗಿಯುವಷ್ಟರಲ್ಲಿ ಕೂತವರಿಗೆಲ್ಲ ಗೊತ್ತಾಗಿತ್ತು. ವಾಹ್ ಅನ್ನುವ ಬಾಯಿ ಒಂದೂ ಇರಲಿಲ್ಲ. ಶಿವರಾಜಪ್ಪ ಎದ್ದು ನಿಂತು ಕೈ ಮುಗಿದ.

"ಬಾಯಾರ, ಒಂದ್ ಮಾತ್ರಿ. ತಟ್ಯಾಗ ಹಾಡು ಮುಗಿದ ಮ್ಯಾಲೆ ಹೆಸರು ಹೇಳ್ತೀರಲ್ಲ, ಹಂಗ ಒಮ್ಮಿ ಹೇಳಿಬಿಡ್ರಿ. ಮಂದಿಗಿ ಸಮಾಧಾನ ಆಗ್ತದ."

ಸುಭಾನ ಬಿಲ್ಲು ಕೆಳಗಿಟ್ಟ. ಅಕ್ತರಬೀ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಅದು ಕಂಪನಿ ಗೋರ್ಯಾರ ಸಲುವಾಗಿ ಹೇಳಿದ್ದುರಿ. ತಟ್ಟಿ ಮಾಡೂದು ಎಲ್ಲೋ ದೂರ ದೇಶದಾಗ. ಯಾವ ದನಿ ಯಾರದು ಅಂತ ಅಲ್ಲಿ ಮಂದಿಗಿ ಹ್ಯಾಂಗ ತಿಳೀಬೇಕು? ಅದಕ್ಕ ಹೇಳಸ್ತಾರ. ಎದುರಿಗಿ ಕುಂತು ಕೇಳೋರಿಗಿ ಹೆಸರು ಹೇಳೂದು ನಮ್ಮಲ್ಲಿ ಇಲ್ಲ." ಆಮೇಲೆ ಪರದೆಯ ಕಡೆ ತಿರುಗಿದಳು. "ಅಲ್ಲಿ ಕುಂತೋರಿಗಿ ನನ್ನ ಮ್ಯಾಲೆ ಶಂಕಾ ಅದ. ನಾ ಹೇಳಿದರ ಆ ಶಂಕಾ ಹೋಗ್ತದೇನ್ರಿ?"

ಅವಳು ಹೆಸರು ಹೇಳಲಿಲ್ಲ. ಬೆಳಕು ಹರಿಯುವಾಗ ದಮಣಿ ಔರಾದಿನ ದಾರಿ ಹಿಡಿಯಿತು. ಮನೆಗೆ ಬಂದ ಹೆಣ್ಣು ಯಾವ ಜಾತಿಯವಳೇ ಇರಲಿ, ಉಡಿ ತುಂಬದೆ ಕಳಿಸಿದ್ದು ಆ ಮನೆಯಲ್ಲಿ ಅದೇ ಮೊದಲು. ಶಿವರಾಜಪ್ಪ ಅಷ್ಟಕ್ಕೇ ನಿಲ್ಲಲಿಲ್ಲ. ಮೋಸ ಹೋದವನ ಉಪಕಾರಬುದ್ಧಿ ದೊಡ್ಡದು. ಆಳು ಮಡೆಪ್ಪನನ್ನು ಕುದುರೆ ಹತ್ತಿಸಿ ಔರಾದಿಗೂ ಬೀದರಿಗೂ ಮುಂಚಿತವಾಗಿ ಸುದ್ದಿ ಮುಟ್ಟಿಸಿದ: ಬರುವವಳು ಅಸಲಿ ಅಲ್ಲ, ನಮ್ಮ ಮನೆಯವಳು ಪರೀಕ್ಷೆ ಮಾಡಿ ಹೇಳಿದ್ದಾಳೆ.

ಆಮೇಲೆ ಅವನೂ ನಾಟಕದವನ ಹೊಸ ಹಾಡು ಕೇಳಲು ಔರಾದಿಗೆ ಹೊರಟುಹೋದ. ಹಳೆಯದರ ರುಚಿ ಕೆಟ್ಟಿತ್ತಲ್ಲ.

ಮೂರ್ನಾಲ್ಕು ದಿನ ಕಳೆದು, ಮನೆ ಖಾಲಿಯಾದ ಒಂದು ಮಧ್ಯಾಹ್ನ ಸುಮಿತ್ರಾಬಾಯಿ ಪೆಟ್ಟಿಗೆಯ ಮುಂದೆ ಕೂತಳು. ತನ್ನ ಹುಡುಗಿಯ ದನಿ ಕೇಳಿ ಮನಸ್ಸು ತೊಳೆದುಕೊಳ್ಳಬೇಕಾಗಿತ್ತು. ಚಾವಿ ತಿರುವುವುದು ಯಾವಾಗಲೂ ಗಂಡನ ಕೆಲಸ ಅಥವಾ ಮಡೆಪ್ಪನದು. ಅವಳು ತೋಳು ನೋಯುವ ತನಕ ತಿರುವಿ ಸಾಕೆಂದು ಬಿಟ್ಟಳು. ಸೂಜಿ ಇಟ್ಟಳು. ಹುಡುಗಿ ಬಂದಳು, ಕೋಗಿಲೆಯನ್ನು ಬಯ್ದಳು, ಸುಮಿತ್ರಾಬಾಯಿಯ ಎದೆ ತಣ್ಣಗಾಯಿತು. ಅರ್ಧ ಹಾಡಿಗೆ ಚಾವಿ ಸಾಲದೆ ತಟ್ಟೆ ಮೆಲ್ಲಗೆ ಸೋಲತೊಡಗಿತು.

ದನಿ ಇಳಿಯಿತು. ಹುಡುಗಿ ಹೆಂಗಸಾದಳು. ಇನ್ನೂ ಇಳಿಯಿತು, ಮತ್ತು ಒಂದು ಗಳಿಗೆ, ಒಂದೇ ಗಳಿಗೆ, ಅಂಗಳದಲ್ಲಿ ಕೂತು ಹಾಡಿದ ಆ ದಪ್ಪ ಹೆಂಗಸು ಪೆಟ್ಟಿಗೆಯೊಳಗಿಂದ ಹಾಡಿದಳು. ಕೋಗಿಲೆಯ ಹೆಸರು ಹಿಡಿಯುವ ಮುಂಚೆ ಉಸಿರು ಚೂರು ತಡೆದು ಬಿಡುವ ಆ ರೀತಿ ಅವಳದೇ. ಆಮೇಲೆ ದನಿ ಗಂಡಸಿನದಾಗಿ, ಎಮ್ಮೆಯದಾಗಿ, ನಿಂತುಹೋಯಿತು.

ಸುಮಿತ್ರಾಬಾಯಿ ಪೆಟ್ಟಿಗೆಯ ಮೇಲೆಯೇ ಅನುಮಾನ ಪಟ್ಟಳು. ಇದು ಕೆಟ್ಟಿದೆ ಎಂದುಕೊಂಡಳು. ಪೂರ್ತಿ ಚಾವಿ ಕೊಟ್ಟು ಮತ್ತೆ ಹಾಡಿಸಿದಳು, ಹುಡುಗಿಯೇ ಬಂದಳು. ಆಗ ಅವಳ ಕಣ್ಣು ಆ ತಿರುಪಿನ ಮೇಲೆ ಬಿತ್ತು. ಗಂಡ ಕೊನೆಮುಟ್ಟ ತಿರುವಿಟ್ಟದ್ದನ್ನು ಅವಳು ತುಸು ಹಿಂದಕ್ಕೆ ತಿರುವಿದಳು. ದನಿ ಸಣ್ಣದಾಗಲಿಲ್ಲ. ಕೆಳಗಿಳಿಯಿತು, ನಿಧಾನವಾಯಿತು. ಇನ್ನಷ್ಟು ತಿರುವಿದಳು. ಅಕ್ತರಬೀ ಬಂದು ಎದುರಿಗೆ ಕೂತಳು. ಇದು ಬತ್ತಿಯ ತಿರುಪಲ್ಲ, ಓಟದ ತಿರುಪು.

ಮೊದಲು ಅವಳಿಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಇಷ್ಟು ದಿನ ಜಡೆ ಹಾಕಿದ್ದು ಯಾರಿಗೆ? ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಪರದೆಯ ಹಿಂದೆ ತಾನು ಆಡಿದ ಮಾತು ನೆನಪಾಗಿ ಮೈ ಝುಮ್ಮೆಂದಿತು.

ಮಡೆಪ್ಪ ಅಂದೇ ಬೀದರಿನಿಂದ ತಿರುಗಿ ಬಂದಿದ್ದ. ಕರೆದು ಕೇಳಿದಳು.

"ಔರಾದದಾಗ ಅಕಿಗಿ ಹಾಡ್ಲಿಕ್ಕೇ ಕೊಡ್ಲಿಲ್ಲಂತ್ರಿ ಅವ್ವಾರ," ಎಂದು ಅವನು ದೊಡ್ಡ ಸಾಹಸ ಮಾಡಿ ಬಂದವನ ಹಾಗೆ ಹೇಳಿದ. "ಮುಸಾಫಿರಖಾನ್ಯಾಗ ಕುಂಡರಿಸಿ, ನಾಟಕದಂವನ ಹಾಡು ಕೇಳ್ಕೋತ ಹೋಗು ಅಂದ್ರಂತ. ಈಗ ಬೀದರದಾಗ ಸುಭಾನನ ಅಕ್ಕನ ಮನ್ಯಾಗ ಅದಾಳ್ರಿ. ಇಸ್ಮಾಯಿಲ ಸಾಹೇಬ್ರೂ ನಾಟಕದಂವನಿಗೇ ಬಸಂತದ ಮೈಫಿಲಾ ಕೊಡ್ತಾರಂತ. ಎಲ್ಲಾ ನಿಮ್ಮ ಕಿವೀದೇ ಪುಣ್ಯಾರಿ."

"ಗಾಡಿ ಕಟ್ಟು," ಎಂದಳು ಸುಮಿತ್ರಾಬಾಯಿ.

"ಎಲ್ಲಿಗ್ರಿ?"

"ಬೀದರಕ. ಪೆಟ್ಟಗಿಗಿ ಎರಡ್ ಕೌದಿ ಸುತ್ತು."

ಗಂಡನ ಅಪ್ಪಣೆ ಇಲ್ಲದೆ ಅವಳು ಊರ ಗಡಿ ದಾಟಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಕೆಂಪು ಮಣ್ಣಿನ ಧೂಳು ಕುಡಿಯುತ್ತ, ಹಳ್ಳ ಬಂದಲ್ಲೆಲ್ಲ ಪೆಟ್ಟಿಗೆಯನ್ನು ತೊಡೆಯ ಮೇಲೆತ್ತಿಕೊಂಡು ಕೂತಳು. ಬೀದರಿನ ಕೋಟೆಗೋಡೆ ಕಂಡಾಗ ಒಂದು ಹೊಸ ಭಯ ಹುಟ್ಟಿತು. ತನ್ನನ್ನು ಅವರು ನಂಬದಿದ್ದರೆ?

ಬಾಗಿಲು ತೆಗೆದ ಸುಭಾನ ದಾರಿ ಬಿಡಲಿಲ್ಲ. "ಇನ್ನೂ ಏನ್ ಪರೀಕ್ಷಾ ಉಳಿದಾವ ಬಾಯಾರ?"

"ಪರೀಕ್ಷಾ ನನ್ನದೇ ಆಗ್ಯಾದ. ಒಳಗ ಬಿಡ್ರಿ."

ಅಕ್ತರಬೀ ಚಾಪೆಯ ಮೇಲೆ ಕೂತು ಬಿಸಿನೀರು ಕುಡಿಯುತ್ತಿದ್ದಳು. ಬನ್ನಿ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಸುಮಿತ್ರಾಬಾಯಿ ಮಾತಾಡದೆ ಪೆಟ್ಟಿಗೆ ಇಟ್ಟು, ಚಾವಿ ಕೊಟ್ಟು, ಮೊದಲು ತಿರುಪನ್ನು ಕೊನೆಮುಟ್ಟ ತಿರುವಿ ಹಾಡಿಸಿದಳು. ಹುಡುಗಿ ಹಾಡಿದಳು. ಅಕ್ತರಬೀಯ ಮುಖ ಗಂಟಾಯಿತು.

"ಇದನ್ನ ಕೇಳಸ್ಲಿಕ್ಕೆ ಇಷ್ಟ್ ದೂರ ಬಂದ್ರೇನು? ಗೊತ್ತದ ನನಗ. ನಾ ಈಗ ಹಂಗ ಹಾಡಲ್ಲ ಅಂತ ಗೊತ್ತದ."

"ತಡೀರಿ," ಎಂದು ಸುಮಿತ್ರಾಬಾಯಿ ಸೂಜಿ ಎತ್ತಿ, ಮನೆಯಲ್ಲಿ ಕಂಡುಕೊಂಡ ಜಾಗಕ್ಕೆ ತಿರುಪು ತಂದು ಮತ್ತೆ ಇಟ್ಟಳು. ಭಾಲ್ಕಿಯ ಅಂಗಳದ ದನಿ ಬಂತು. "ಇದು ನೀವು. ನಾವು ಬತ್ತಿ ಏರ್ಸಿದಂಗ ಏರ್ಸಿ ಓಡಿಸ್ಲಿಕತ್ತಿದ್ದೆವು. ತಪ್ಪು ನಮ್ಮ ಪೆಟ್ಟಗೀದು. ಅಲ್ಲ, ಪೆಟ್ಟಗೀದಲ್ಲ, ನನ್ನದು. ನಾನೇ ಅಂದೆ, ನೀವು ಅಕ್ತರಬೀ ಅಲ್ಲ ಅಂತ."

ಅಕ್ತರಬೀ ಅವಳ ಮಾತು ಕೇಳುತ್ತಿರಲಿಲ್ಲ. ಪೆಟ್ಟಿಗೆಯ ಹತ್ತಿರಕ್ಕೆ ಸರಿದಿದ್ದಳು. ಕೈ ಎತ್ತಿ ಕೆಳಗೆ, ಇನ್ನೂ ಕೆಳಗೆ ಎಂದು ಸನ್ನೆ ಮಾಡಿದಳು. ಸುಮಿತ್ರಾಬಾಯಿ ತಿರುಪನ್ನು ಕೂದಲಷ್ಟು ಹಿಂದೆ ತಂದಳು, ಮತ್ತೂ ಅಷ್ಟು ತಂದಳು. ದನಿ ಭಾಲ್ಕಿಯಲ್ಲಿ ಕೇಳಿದ್ದಕ್ಕಿಂತಲೂ ಇಳಿಯಿತು. ದುಂಡಗೆ, ಅಗಲವಾಗಿ, ಒಂದು ಚೂರೂ ಒರಟಿಲ್ಲದೆ ನಿಂತಿತು.

"ಇಲ್ಲಿ," ಎಂದಳು ಅಕ್ತರಬೀ. "ಇಲ್ಲೇ ಇತ್ತು."

ಸುಭಾನ ಗೋಡೆಗೆ ಒರಗಿ ಕುಳಿತುಬಿಟ್ಟ. ಆಮೇಲೆ ಅವನೇ ಹೇಳಿದ್ದು. ತಟ್ಟೆಗೆಂದು ಹಾಡಿಸಿಕೊಂಡ ಕಂಪನಿಯ ಬಿಳಿಯರು ಹೋದ ಮೇಲೆ ಅದನ್ನು ಇವರಿಬ್ಬರೂ ಕೇಳಿದ್ದು ದೊಡ್ಡವರ ಮನೆಗಳಲ್ಲಿ ಮಾತ್ರ. ಪೆಟ್ಟಿಗೆ ಇದ್ದವರೆಲ್ಲ ದನಿ ಹೆಚ್ಚಲಿ ಎಂದು ತಿರುಪು ತಿರುವಿಟ್ಟವರೇ. ಎಲ್ಲಿ ಹಾಡಿದರೂ ಕೇಳಿದವರು ಅದನ್ನೇ ಅನ್ನುತ್ತಿದ್ದರು: ತಟ್ಟೆಯಲ್ಲಿದ್ದ ದನಿ ಈಗ ಉಳಿದಿಲ್ಲ.

"ತಟ್ಟಿ ಮಾಡಿ ಐದ್ ವರ್ಷಾತ್ರಿ," ಎಂದ ಸುಭಾನ. "ವರ್ಷಾ ವರ್ಷಾ ಸಾರಂಗಿ ತಂತಿ ಬಿಗಿ ಮಾಡ್ಕೋತ ಬಂದೇನಿ. ಏರ್ಸು, ಇನ್ನಾ ಏರ್ಸು ಅಂತ ಇಕೀದು ಹಟಾ. ತಟ್ಯಾಗಿನ ಆ ಹುಡಿಗಿನ್ನ ಮುಟ್ಟಬೇಕು ಅಂತ. ಗಂಟಲಾಗ ರಕ್ತಾ ಬಂದ್ರೂ ಬಿಡ್ಲಿಲ್ಲ."

"ಮಂದಿಗಿ ಶಂಕಾ ಬಂತಂತ ನನಗೇನ್ ಸಿಟ್ಟಿಲ್ಲವ್ವಾ," ಎಂದಳು ಅಕ್ತರಬೀ. "ನನ್ನ ಮ್ಯಾಲೆ ನನಗೇ ಶಂಕಾ ಇತ್ತು. ನಿಮ್ಮ ಮನ್ಯಾಗ ಹೆಸರು ಹೇಳು ಅಂದಾಗ ನನ್ನ ನಾಲಿಗಿ ಯಾಕ ಏಳ್ಲಿಲ್ಲ ಅಂತ ತಿಳದೀರಿ? ರಿವಾಜು ಒಂದು ನೆವಾ. ಆ ಹೆಸರು ಆ ಹುಡಿಗೀದು, ನಂದಲ್ಲ ಅನ್ನಿಸ್ತಿತ್ತು."

ಸುಮಿತ್ರಾಬಾಯಿ ತಿರುಪಿನಿಂದ ಕೈ ತೆಗೆದಳು. ಕೆಟ್ಟದ್ದು ಭಾಲ್ಕಿಯ ಒಂದು ಸಂಜೆಯಷ್ಟೇ ಎಂದುಕೊಂಡು ಬಂದಿದ್ದಳು. ಕೆಟ್ಟದ್ದು ಒಂದು ಗಂಟಲು, ಐದು ವರ್ಷ.

ಇಸ್ಮಾಯಿಲ ಸಾಹೇಬರ ಹವೇಲಿಗೆ ಅವಳು ಒಬ್ಬಳೇ ಹೋದಳು. ಗಂಡಸರು ಕೂತಿದ್ದ ದಿವಾನಖಾನೆಗೆ ನೇರವಾಗಿ ಹೋಗಿ, ಸೆರಗು ಹೊದ್ದು ನಿಂತು, ನಡೆದದ್ದೆಲ್ಲ ಹೇಳಿದಳು. ಸಾಹೇಬರು ಸಭ್ಯರು, ಪೂರ್ತಿ ಕೇಳಿದರು. ಕೇಳಿ ಗಡ್ಡ ನೀವಿಕೊಂಡರು.

"ಭಾಬಿ, ಮೊನ್ನಿ ಅಲ್ಲ ಅಂತ ಕುದುರಿ ಮ್ಯಾಲೆ ಸುದ್ದಿ ಕಳಿಸಿದ್ರಿ. ಇವತ್ತು ಹೌದು ಅಂತ ನೀವೇ ಗಾಡಿ ಮ್ಯಾಲೆ ಬಂದೀರಿ. ನಡುವ ಏನಾತು? ಆ ಬಾಯಿ ನಿಮಗೇನರೆ ಕೊಟ್ಟಾಳೇನು, ಅಥವಾ ಮಾಟಾಗೀಟಾ ಮಾಡ್ಯಾಳೋ?"

ಕೂತವರು ನಕ್ಕರು. ಹಾಲಿಗೆ ಬೆರಳು ಅದ್ದುವವಳಿಗೆ, ಹಿಮ್ಮಡಿ ನೋಡುವವಳಿಗೆ, ತನ್ನನ್ನು ಹೀಗೆ ಯಾರಾದರೂ ನೋಡಬಹುದು ಎಂದು ಅಲ್ಲಿಯ ತನಕ ಹೊಳೆದೇ ಇರಲಿಲ್ಲ. ಮುಖ ಕಾದ ಹಂಚಿನಂತಾಯಿತು. ಆದರೂ ಅಲ್ಲಾಡಲಿಲ್ಲ.

"ನನ್ನ ಪೆಟ್ಟಗಿ ಮ್ಯಾಲೆ ನಂಬಿಗಿ ಇಲ್ಲಂದ್ರ ನಿಮ್ಮದು ತರಸ್ರಿ. ಅದರ ತಿರಪೂ ಕೊನೀಗೇ ಇರ್ತದ. ಪೈಜಾ ಕಟ್ತೇನಿ."

ಸಾಹೇಬರ ಪೆಟ್ಟಿಗೆ ಬಂತು. ತಿರುಪು ಕೊನೆಗೇ ಇತ್ತು. ಆಳು ಅಕ್ತರಬೀಯ ತಟ್ಟೆ ಇಟ್ಟು, ತಿರುಪನ್ನು ಅವಳು ಹೇಳಿದಷ್ಟು ಹಿಂದೆ ತಿರುವಿದ. ದಿವಾನಖಾನೆಯ ನಗು ನಿಂತಿತು. ಹಾಡು ಮುಗಿದು ಆ ದನಿ, ಓಡದೆ, ನಡುವಯಸ್ಸಿನ ಹೆಂಗಸಿನದಾಗಿ, ನಿಧಾನವಾಗಿ ತನ್ನ ಹೆಸರು ಹೇಳಿದಾಗ ಸಾಹೇಬರು ತಲೆ ತಗ್ಗಿಸಿದರು.

"ಮಾನ್ತೇನಿ," ಎಂದರು. "ಆದ್ರ ಬೀದರದ ಮಂದಿನೂ ಆ ಹುಡಿಗಿನ್ನೇ ಕೇಳ್ಯಾರ. ಅವರ ಮುಂದ ಇದನ್ನ ಯಾರು ಹೇಳಬೇಕು?"

"ನಾ ಅಂದ ಮಾತು, ನಾನೇ ಹೇಳ್ತೇನಿ."

ಬಸಂತದ ಮೈಫಿಲಿನ ದಿನ ಹವೇಲಿಯ ಅಂಗಳ ಹಳದಿ ರುಮಾಲು, ಹಳದಿ ದುಪ್ಪಟ್ಟಗಳಿಂದ ತುಂಬಿತ್ತು. ನಾಟಕದವನು ಹಾರ್ಮೋನಿಯಂ ಒರೆಸುತ್ತ ಒಂದು ಪಕ್ಕಕ್ಕೆ ಕಾಯುತ್ತಿದ್ದ. ಅವನ ಜತೆಗೇ ಔರಾದಿ‌ನಿಂದ ಬಂದಿದ್ದ ಶಿವರಾಜಪ್ಪ ಜನರ ನಡುವೆ ಕೂತು ಎಲೆ ಮಡಿಚುತ್ತಿದ್ದ. ಪರದೆ ಸರಿಸಿ ಈಚೆ ಬಂದು ನಿಂತ ಹೆಂಗಸು ತನ್ನ ಹೆಂಡತಿ ಎಂದು ತಿಳಿದಾಗ ಅವನ ಕೈಯ ಎಲೆ ಜಾರಿತು. ಸುಮಿತ್ರಾಬಾಯಿ ಉದ್ದದ ಮಾತಾಡಲಿಲ್ಲ.

"ನಾನು ಭಾಲ್ಕಿ ಶಿವರಾಜಪ್ಪನವರ ಮನಿಯಾಕಿ. ಇವರು ಅಕ್ತರಬೀ ಅಲ್ಲ ಅಂತ ಅಂದಾಕಿ ನಾನೇ. ನಾ ಅಂದಿದ್ದು ಸುಳ್ಳು. ಪೆಟ್ಟಗಿ ಜೋರು ಓಡಿಸಿ ಕೇಳಿ ಕೇಳಿ ನನ್ನ ಕಿವಿ ಕೆಟ್ಟಿತ್ತು. ನಿಮ್ಮವೂ ಕೆಟ್ಟಾವ. ಇವರೇ ಅಕ್ತರಬೀ."

ಸುಭಾನ ಸಾರಂಗಿಯ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದ, ಎಲ್ಲರೂ ನೋಡುವ ಹಾಗೆ. ಅಕ್ತರಬೀ ಕೆಳಗಿನ ಸ್ವರ ಹಿಡಿದಳು. ಅಲ್ಲಿ ಗಂಟಲು ಉಜ್ಜಲಿಲ್ಲ. ಹಾಡು ನಿಧಾನವಾಗಿ, ಅವಸರವಿಲ್ಲದೆ ಬಂತು. ಒಂದಷ್ಟು ಜನ ಆಕಳಿಸಿದರು, ಕೆಲವರು ಎದ್ದು ಎಲೆಯಡಿಕೆಯ ನೆವದಲ್ಲಿ ಹೊರಗೆ ಹೋದರು. ಇವಳು ಅವಳಲ್ಲ ಬಿಡ್ರಿ, ಸಾವಕಾರ್ತಿಗಿ ಏನೋ ಆಗ್ಯಾದ, ಎಂದು ಹಿಂದಿನಿಂದ ಯಾರೋ ಅಂದದ್ದೂ ಕೇಳಿಸಿತು. ಕೂತವರು ಕೂತರು. ಮುಂದಿನ ಸಾಲಿನ ಮುದುಕನೊಬ್ಬ ಕಣ್ಣೊರೆಸಿಕೊಂಡ. ಹಾಡು ಮುಗಿದಾಗ ವಾಹ್ ಎಂದದ್ದು ಅರ್ಧ ಅಂಗಳ, ಆದರೆ ಅದು ಮನಸ್ಸಿನಿಂದ ಬಂದದ್ದು.

ಆಮೇಲೆ ನಾಟಕದವನು ಶುರು ಮಾಡಿದ, ಹೊರಗೆ ಹೋದವರೆಲ್ಲ ಓಡಿ ಬಂದರು. ಅಕ್ತರಬೀ ಪರದೆಯ ಹಿಂದೆ ಬಂದು ಸುಮಿತ್ರಾಬಾಯಿಯ ಪಕ್ಕಕ್ಕೆ ಕೂತು ಕಾಲು ಚಾಚಿದಳು. ಮುಖ ಬೆವೆತಿತ್ತು, ದಣಿದಿರಲಿಲ್ಲ.

"ಈಗ ಹೇಳ್ರಿ ಅವ್ವಾ. ಹ್ಯಾಂಗಿತ್ತು?"

ಛಂದಿತ್ತು ಅನ್ನುವುದು ಸುಲಭವಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅಕ್ತರಬೀ ಹಾಡುತ್ತಿದ್ದಷ್ಟು ಹೊತ್ತೂ ಸುಮಿತ್ರಾಬಾಯಿಯ ಕಿವಿ ಆ ದೊಡ್ಡ ದನಿಯ ಹಿಂದೆ ಇನ್ನೊಂದನ್ನು ಹುಡುಕುತ್ತಲೇ ಇತ್ತು. ಇಷ್ಟೆಲ್ಲ ಆದ ಮೇಲೆ ಈ ಹೆಂಗಸಿಗೆ ಮತ್ತೊಂದು ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ.

"ಖರೇ ಹೇಳ್ತೇನಿ, ಸಿಟ್ಟ ಮಾಡ್ಬ್ಯಾಡ್ರಿ," ಎಂದಳು. "ನಿಮ್ಮದು ದೊಡ್ಡ ಹಾಡು. ಆದ್ರ ನನಗ ಆ ಹುಡಿಗಿ ನೆನಪು ಹೋಗವಲ್ದು. ಅಕಿ ಎಲ್ಲೂ ಇಲ್ಲ ಅಂತ ಗೊತ್ತಿದ್ರೂ ಹೋಗವಲ್ದು."

ಅಕ್ತರಬೀ ಸಿಟ್ಟು ಮಾಡಲಿಲ್ಲ. ಅಂಗಳದ ಹಾರ್ಮೋನಿಯಂ ಕೇಳುತ್ತ ಸುಮಿತ್ರಾಬಾಯಿಯ ಕೈ ಹಿಡಿದುಕೊಂಡಳು.

"ನನಗೂ ಹೋಗವಲ್ದವ್ವಾ," ಎಂದಳು. "ಐದ್ ವರ್ಷ ಅಕಿ ಬೆನ್ನ ಹಿಂದ ಓಡೇನಿ. ಒಮ್ಮಿನೂ ಮಾರಿ ತೋರಿಸ್ಲಿಲ್ಲ."